ಎಸ್‌ಜಿಪಿಟಿ ಏರಿದರೆ ಲಿವರ್ ಒಂದೇ ಕಾರಣ ಅಲ್ಲ: ಸ್ನಾಯುವಿನ ಸುದ್ದಿ ಹೇಳುವ ‘ಸಿಕೆ’ ಟೆಸ್ಟ್

4 ವರ್ಷದ ಹುಡುಗ. ಜ್ವರ ಬಂತೆಂದು ಡಾಕ್ಟರ್ ಹತ್ತಿರ ಕರೆದೊಯ್ದಾಗ ರಕ್ತ ಪರೀಕ್ಷೆ ಮಾಡಿಸಿದರು. ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ 300ರ ಮೇಲೆ. ‘ಲಿವರ್‌ನಲ್ಲಿ ಏನೋ ಉಂಟು’ ಎಂದಾಯಿತು. ಹೆಪಟೈಟಿಸ್ ನೆಗೆಟಿವ್, ಸ್ಕ್ಯಾನಿಂಗ್‌ನಲ್ಲಿ ಲಿವರ್ ನಾರ್ಮಲ್, ಕಣ್ಣು ಹಳದಿ ಇಲ್ಲ. ಆದರೂ ಲಿವರ್ ಸಿರಪ್ ಶುರುವಾಯಿತು. ಜೊತೆಗೆ ಯಾರೋ ಹೇಳಿದರೆಂದು ಕಾಮಾಲೆಯ ನಾಟಿ ಮದ್ದು, ಎಣ್ಣೆ ತುಪ್ಪಕ್ಕೆ ಪಥ್ಯ. ಒಂದು ವರ್ಷ ಕಳೆದರೂ ನಂಬರ್ ಇಳಿಯಲಿಲ್ಲ. ಈ ನಡುವೆ ಹುಡುಗ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವುದು, ಓಡುವಾಗ ಮತ್ತೆ ಮತ್ತೆ ಬೀಳುವುದು ಮನೆಯವರ ಕಣ್ಣಿಗೆ ಬಿದ್ದಿತ್ತು. ಆದರೆ ಅದಕ್ಕೂ ರಕ್ತದ ರಿಪೋರ್ಟ್‌ಗೂ ಸಂಬಂಧ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಇದು ಯಾವುದೋ ಒಂದು ಮನೆಯ ಕಥೆ ಅಲ್ಲ. ಡುಶೆನ್ ಎಂಬ ಸ್ನಾಯು ಕಾಯಿಲೆ ಇರುವ ಮಕ್ಕಳಲ್ಲಿ ಹೀಗಾಗುವುದು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿರುವ ವಿಷಯ. ಕೆಲವು ಮಕ್ಕಳಿಗೆ ಲಿವರ್ ಬಯಾಪ್ಸಿ ತನಕ ಹೋದದ್ದೂ ಉಂಟು. ಕೆಲವು ನೂರು ರೂಪಾಯಿಯ ಒಂದು ರಕ್ತ ಪರೀಕ್ಷೆ ಮೊದಲೇ ಮಾಡಿಸಿದ್ದರೆ ದಾರಿ ಬೇರೆಯಾಗುತ್ತಿತ್ತು. ಆ ಪರೀಕ್ಷೆಯ ಹೆಸರು ಸಿಕೆ, ಅಂದರೆ ಕ್ರಿಯಾಟಿನ್ ಕೈನೇಸ್. ಹಳೆಯ ಹೆಸರು ಸಿಪಿಕೆ. ನಮ್ಮ ಕಡೆಯ ಹೆಚ್ಚಿನ ಲ್ಯಾಬ್‌ಗಳ ಬಿಲ್‌ನಲ್ಲಿ ಈಗಲೂ ಸಿಪಿಕೆ ಎಂದೇ ಬರೆದಿರುತ್ತದೆ, ಎರಡೂ ಒಂದೇ.

ಮೊದಲೇ ಒಂದು ಗೊಂದಲ ಪರಿಹರಿಸಿಕೊಳ್ಳೋಣ. ಕಿಡ್ನಿಗೆ ಮಾಡಿಸುವ ‘ಕ್ರಿಯಾಟಿನಿನ್’ ಬೇರೆ, ಈ ‘ಕ್ರಿಯಾಟಿನ್ ಕೈನೇಸ್’ ಬೇರೆ. ಹೆಸರು ಹತ್ತಿರ ಇರುವುದರಿಂದ ರಿಪೋರ್ಟ್ ಓದುವಾಗ ತುಂಬಾ ಜನ ತಪ್ಪುತ್ತಾರೆ. ಜಿಮ್ಮಿನಲ್ಲಿ ಡಬ್ಬಿಯಲ್ಲಿ ಸಿಗುವ ಕ್ರಿಯಾಟಿನ್ ಪುಡಿ ಮೂರನೆಯದು. ಮೂರಕ್ಕೂ ಸ್ನಾಯುವಿನ ನಂಟು ಇದೆ, ಆದರೆ ಕೆಲಸ ಬೇರೆ ಬೇರೆ.

ಸ್ನಾಯುವಿನ ಪವರ್ ಬ್ಯಾಂಕ್

ಸ್ನಾಯು ಕೆಲಸ ಮಾಡಬೇಕಾದರೆ ಎಟಿಪಿ ಎಂಬ ಶಕ್ತಿ ಬೇಕು. ಅದು ಮೊಬೈಲ್ ಬ್ಯಾಟರಿಯ ಹಾಗೆ, ಜೋರಾಗಿ ಓಡಿದರೆ ಕೆಲವೇ ಸೆಕೆಂಡಿನಲ್ಲಿ ಖಾಲಿ. ಆಗ ಕೈಗೆ ಬರುವುದು ಪವರ್ ಬ್ಯಾಂಕ್. ಸ್ನಾಯುವಿನ ಒಳಗೆ ಫಾಸ್ಫೋಕ್ರಿಯಾಟಿನ್ ಎಂಬ ರೂಪದಲ್ಲಿ ಶಕ್ತಿ ಕೂಡಿಟ್ಟಿರುತ್ತದೆ. ಅದನ್ನು ತಕ್ಷಣ ಎಟಿಪಿಯಾಗಿ ತಿರುಗಿಸಿಕೊಡುವ ಕಿಣ್ವವೇ ಕ್ರಿಯಾಟಿನ್ ಕೈನೇಸ್. ಹೀಗಾಗಿ ಸ್ನಾಯುವಿನಲ್ಲಿ ಅದು ರಾಶಿ ರಾಶಿ ಇರುತ್ತದೆ, ರಕ್ತದಲ್ಲಿ ಮಾತ್ರ ಸ್ವಲ್ಪವೇ. ಸ್ನಾಯು ಕೋಶದ ಪೊರೆ ಹರಿದರೆ ಒಳಗಿನ ಸಿಕೆ ಸೋರಿ ರಕ್ತಕ್ಕೆ ಬರುತ್ತದೆ. ರಕ್ತದಲ್ಲಿ ಎಷ್ಟಿದೆ ಎಂದು ಅಳೆದರೆ ಎಷ್ಟು ಸೋರಿದೆ ಎಂಬ ಅಂದಾಜು ಸಿಗುತ್ತದೆ. ಪರೀಕ್ಷೆಯ ತತ್ವ ಇಷ್ಟೇ.

ಇದನ್ನು ಸ್ನಾಯು ಕಾಯಿಲೆಯ ಗುರುತಾಗಿ ಮೊದಲು ತೋರಿಸಿದವರು ಜಪಾನಿನ ಸೆತ್ಸುರೋ ಎಬಾಶಿ ಮತ್ತು ಸಂಗಡಿಗರು, 1959ರಲ್ಲಿ. ಅದಕ್ಕೂ ಮೊದಲು ಆಲ್ಡೊಲೇಸ್ ಎಂಬ ಇನ್ನೊಂದು ಕಿಣ್ವವನ್ನು ನೋಡುತ್ತಿದ್ದರು, ಈಗಲೂ ಕೆಲವೊಮ್ಮೆ ಬರೆದುಕೊಡುತ್ತಾರೆ. ಸ್ವಾರಸ್ಯ ಏನೆಂದರೆ, ಎದೆನೋವು ಎಂದು ಎಮರ್ಜೆನ್ಸಿಗೆ ಹೋದ ಕೂಡಲೇ ಮಾಡುವ ‘ಟ್ರೋಪೋನಿನ್’ ಟೆಸ್ಟ್ ಇದೆಯಲ್ಲ, ಆ ಟ್ರೋಪೋನಿನ್ ಎಂಬ ಪ್ರೋಟೀನನ್ನು 1960ರ ದಶಕದಲ್ಲಿ ಕಂಡುಹಿಡಿದವರೂ ಇದೇ ಎಬಾಶಿ. ಮೊದಲೆಲ್ಲ ಹಾರ್ಟ್ ಅಟ್ಯಾಕ್‌ಗೆ ಸಿಕೆಯ ಒಂದು ಬಗೆಯಾದ ಸಿಕೆ-ಎಂಬಿಯನ್ನು ನೋಡುತ್ತಿದ್ದರು. ಈಗ ಆ ಜಾಗಕ್ಕೆ ಟ್ರೋಪೋನಿನ್ ಬಂದಿದೆ. ಕೈಕಾಲಿನ ಸ್ನಾಯುವಿನಲ್ಲಿ ಇರುವುದು ಬಹುಪಾಲು ಸಿಕೆ-ಎಂಎಂ.

ಲಿವರ್ ಟೆಸ್ಟ್ ದಾರಿ ತಪ್ಪಿಸುವುದು ಹೇಗೆ

ಎಸ್‌ಜಿಒಟಿ, ಎಸ್‌ಜಿಪಿಟಿಯನ್ನು ನಾವೆಲ್ಲ ‘ಲಿವರ್ ಟೆಸ್ಟ್’ ಎಂದೇ ಕರೆಯುತ್ತೇವೆ. ಹೊಸ ರಿಪೋರ್ಟ್‌ಗಳಲ್ಲಿ ಎಎಸ್‌ಟಿ, ಎಎಲ್‌ಟಿ ಎಂದಿರುತ್ತದೆ. ಆದರೆ ಈ ಎರಡು ಕಿಣ್ವಗಳು ಲಿವರ್‌ನ ಸ್ವಂತ ಆಸ್ತಿ ಅಲ್ಲ, ಸ್ನಾಯುವಿನಲ್ಲೂ ಇವೆ. ಸ್ನಾಯು ಹಾನಿಯಾದಾಗ ಸಿಕೆಯ ಜೊತೆ ಇವೂ ಸೋರುತ್ತವೆ. ಎಲ್‌ಡಿಎಚ್ ಕೂಡ ಹಾಗೆಯೇ. ಲ್ಯಾಬ್‌ನ ಮೆಶಿನ್‌ಗೆ ಇದು ಲಿವರ್‌ನಿಂದ ಬಂತೋ ತೊಡೆಯಿಂದ ಬಂತೋ ಗೊತ್ತಾಗುವುದಿಲ್ಲ.

ಹಾಗಾದರೆ ಬೇರ್ಪಡಿಸುವುದು ಹೇಗೆ? ಜಿಜಿಟಿ ಎಂಬ ಇನ್ನೊಂದು ಕಿಣ್ವ ಸ್ನಾಯುವಿನಿಂದ ಬರುವುದಿಲ್ಲ, ಲಿವರ್ ಮತ್ತು ಪಿತ್ತನಾಳದ ತೊಂದರೆಯಲ್ಲಿ ಏರುತ್ತದೆ. ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಮೇಲೆ, ಆದರೆ ಜಿಜಿಟಿ ಮತ್ತು ಬಿಲಿರುಬಿನ್ ನಾರ್ಮಲ್ ಎಂದಿದ್ದರೆ ಕೂಡಲೇ ಸಿಕೆ ಮಾಡಿಸಬೇಕು. ಸಿಕೆ ಸಾವಿರಗಳಲ್ಲಿ ಬಂದರೆ ಹುಡುಕಬೇಕಾದದ್ದು ಲಿವರನ್ನಲ್ಲ. ಡಾಕ್ಟರ್ ಬರೆಯದಿದ್ದರೆ ‘ಡಾಕ್ಟ್ರೇ, ಒಂದು ಸಿಪಿಕೆ ನೋಡುವನಾ?’ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಯಾವ ಒಳ್ಳೆಯ ಡಾಕ್ಟರೂ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಗಂಡುಮಕ್ಕಳ ಡುಶೆನ್ ಕಾಯಿಲೆ

ಡುಶೆನ್ ಮಸ್ಕುಲರ್ ಡಿಸ್ಟ್ರೋಫಿ ಎಂಬುದು ಹುಟ್ಟಿನಿಂದಲೇ ಇರುವ ಸ್ನಾಯು ಕಾಯಿಲೆ. 19ನೇ ಶತಮಾನದಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ವೈದ್ಯ ಡುಶೆನ್ ಅವರ ಹೆಸರೇ ಇದಕ್ಕೆ ಬಂದಿದೆ. ಸುಮಾರು 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಎಲ್ಲ ದೇಶ, ಎಲ್ಲ ಜಾತಿ, ಎಲ್ಲ ಧರ್ಮದವರಲ್ಲೂ ಉಂಟು.

ಸ್ನಾಯು ಕೋಶದ ಪೊರೆಯನ್ನು ಒಳಗಿನಿಂದ ಹಿಡಿದಿಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ಈ ಮಕ್ಕಳಲ್ಲಿ ಇರುವುದಿಲ್ಲ. ಬೈಕಿಗೆ ಶಾಕ್ ಅಬ್ಸಾರ್ಬರ್ ಇಲ್ಲದೆ ಹೊಂಡದ ರಸ್ತೆಯಲ್ಲಿ ಓಡಿಸಿದ ಹಾಗೆ, ಪ್ರತಿ ಹೆಜ್ಜೆಗೂ ಪೊರೆ ಸ್ವಲ್ಪ ಸ್ವಲ್ಪ ಹರಿಯುತ್ತದೆ. 1987ರಲ್ಲಿ ಅಮೆರಿಕದ ಲೂಯಿಸ್ ಕುಂಕೆಲ್ ಅವರ ತಂಡ ಈ ಪ್ರೋಟೀನನ್ನು ಗುರುತಿಸಿತು. ಇದರ ಜೀನ್ ಮನುಷ್ಯರ ಅತಿ ಉದ್ದದ ಜೀನ್‌ಗಳಲ್ಲಿ ಒಂದು, 79 ಎಕ್ಸಾನ್‌ಗಳು. ಅಷ್ಟು ಉದ್ದ ಇರುವುದರಿಂದ ಅದರಲ್ಲಿ ತಪ್ಪು ನುಸುಳುವುದೂ ಸುಲಭ.

ಸಿಕೆ ಈ ಮಕ್ಕಳಲ್ಲಿ ಸ್ವಲ್ಪ ಹೆಚ್ಚಿರುವುದಲ್ಲ. ನಾರ್ಮಲ್‌ನ 10 ಪಟ್ಟು, 50 ಪಟ್ಟು, ಕೆಲವೊಮ್ಮೆ 100 ಪಟ್ಟು ಇರುತ್ತದೆ. 200 ಇರಬೇಕಾದಲ್ಲಿ 10,000, 20,000. ಅದೂ ಹುಟ್ಟಿದಾಗಿನಿಂದಲೇ, ಮಗು ಬೀಳಲು ಶುರುಮಾಡುವ ಎಷ್ಟೋ ಮೊದಲೇ. ಆದರೂ ಕಾಯಿಲೆ ಪತ್ತೆಯಾಗುವಾಗ ಹೆಚ್ಚಿನ ಮಕ್ಕಳಿಗೆ 4–5 ವರ್ಷ ದಾಟಿರುತ್ತದೆ.

ಮನೆಯವರು ನೋಡಬೇಕಾದದ್ದು ಏನು? ಒಂದೂವರೆ ವರ್ಷ ಆದರೂ ನಡೆಯದಿರುವುದು. ಎರಡು ಕಾಲಲ್ಲಿ ಹಾರಲು ಬಾರದಿರುವುದು. ತುದಿಗಾಲಲ್ಲಿ ನಡೆಯುವುದು, ಬಾತುಕೋಳಿಯ ಹಾಗೆ ಓಲಾಡುವ ನಡಿಗೆ. ಮಾತು ಬರುವುದು ತಡವಾಗುವುದೂ ಕೆಲವರಲ್ಲಿ ಉಂಟು. ಎಲ್ಲಕ್ಕಿಂತ ಸ್ಪಷ್ಟವಾದದ್ದು ನೆಲದಿಂದ ಏಳುವ ರೀತಿ. ಮಗು ನೇರವಾಗಿ ಏಳುವುದಿಲ್ಲ. ಕವುಚಿ, ಕೈ ನೆಲಕ್ಕೆ ಊರಿ, ಆಮೇಲೆ ಕೈಗಳನ್ನು ಮೊಣಕಾಲಿನ ಮೇಲೆ, ತೊಡೆಯ ಮೇಲೆ ಇಟ್ಟು ತನ್ನದೇ ಮೈಯನ್ನು ಹತ್ತಿದ ಹಾಗೆ ಏಳುತ್ತದೆ. ಇದಕ್ಕೆ ‘ಗೋವರ್ಸ್ ಸೈನ್’ ಎನ್ನುತ್ತಾರೆ. ಹೀಗೆ ಏಳುವುದನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಆಸ್ಪತ್ರೆಯಲ್ಲಿ ಮಗು ಅಳುತ್ತಾ ಕೂತರೆ ಅವರಿಗೆ ನೋಡಲು ಸಿಗುವುದಿಲ್ಲ.

ಇನ್ನೊಂದು, ಮೀನಖಂಡ. ಕಾಲಿನ ಹಿಂಭಾಗದ ಸ್ನಾಯು ಈ ಮಕ್ಕಳಲ್ಲಿ ದಪ್ಪಗೆ, ಗಟ್ಟಿಯಾಗಿ ಕಾಣುತ್ತದೆ. ಕಾಸರಗೋಡಿನ ಕಡೆ ಫುಟ್‌ಬಾಲ್ ಎಂದರೆ ಕೇಳಬೇಕೇ! ‘ನೋಡು, ಈಗಲೇ ಫುಟ್‌ಬಾಲ್ ಪ್ಲೇಯರ್‌ನ ಕಾಲು’ ಎಂದು ಮಾಮಂದಿರು ಖುಷಿಪಡುತ್ತಾರೆ. ಕಾಲು ದಪ್ಪ ಇದ್ದೂ ಮಗುವಿಗೆ ಓಡಲು ಆಗದಿದ್ದರೆ ಅದು ಖುಷಿಪಡುವ ವಿಷಯ ಅಲ್ಲ.

ಉಮ್ಮನ ಮೇಲೆ ತಪ್ಪು ಹೊರಿಸಬೇಡಿ

ಕಾಯಿಲೆ ಪತ್ತೆಯಾದ ದಿನವೇ ಕುಟುಂಬದಲ್ಲಿ ಎರಡು ಮಾತು ಶುರುವಾಗುತ್ತದೆ. ಒಂದು, ‘ಸಂಬಂಧದಲ್ಲೇ ಮದುವೆ ಮಾಡಿದ್ದಕ್ಕೆ ಹೀಗಾಯ್ತು’. ಇನ್ನೊಂದು, ‘ಇದು ತಾಯಿಯ ಕಡೆಯಿಂದ ಬಂದದ್ದು’.

ಮೊದಲನೆಯದು ಡುಶೆನ್ ವಿಷಯದಲ್ಲಿ ತಪ್ಪು. ಈ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಗಂಡುಮಗುವಿಗೆ ಎಕ್ಸ್ ಬರುವುದು ತಾಯಿಯಿಂದ ಮಾತ್ರ. ಹಾಗಾಗಿ ಗಂಡ ಹೆಂಡತಿ ಸಂಬಂಧಿಕರಾಗಿದ್ದಾರೋ ಇಲ್ಲವೋ ಎಂಬುದಕ್ಕೂ ಇದಕ್ಕೂ ಲೆಕ್ಕ ಇಲ್ಲ. ಸಂಬಂಧದ ಮದುವೆಯಿಂದ ಸಾಧ್ಯತೆ ಹೆಚ್ಚುವುದು ಬೇರೆ ಸ್ನಾಯು ಕಾಯಿಲೆಗಳಲ್ಲಿ. ಲಿಂಬ್ ಗರ್ಡಲ್ ಎಂಬ ಗುಂಪಿನ ಹಲವು ಕಾಯಿಲೆಗಳು ಅಪ್ಪ ಅಮ್ಮ ಇಬ್ಬರಿಂದಲೂ ದೋಷದ ಜೀನ್ ಬಂದಾಗ ಮಾತ್ರ ಕಾಣಿಸುತ್ತವೆ. ಅವು ಹುಡುಗಿಯರಿಗೂ ಬರುತ್ತವೆ, ಅಲ್ಲೂ ಸಿಕೆ ಏರುತ್ತದೆ. ಹುಡುಗಿ ಎಂದು ಸಿಕೆ ಮಾಡಿಸದೆ ಬಿಡುವಂತಿಲ್ಲ.

ಎರಡನೆಯದು ಅರ್ಧ ಸತ್ಯ. ಸುಮಾರು ಮೂರನೇ ಒಂದು ಭಾಗ ಮಕ್ಕಳಲ್ಲಿ ಈ ದೋಷ ಹೊಸದಾಗಿ ಹುಟ್ಟಿಕೊಂಡದ್ದು, ಉಮ್ಮ ವಾಹಕಿಯೇ ಆಗಿರುವುದಿಲ್ಲ. ಆಗಿದ್ದರೂ ಅದು ಆಕೆ ಮಾಡಿದ ತಪ್ಪಲ್ಲ. ಯಾರೂ ತಮ್ಮ ಜೀನ್ ಆರಿಸಿಕೊಂಡು ಹುಟ್ಟುವುದಿಲ್ಲ. ತಿಳಿದಿರಬೇಕಾದ ಲೆಕ್ಕ ಇಷ್ಟು: ತಾಯಿ ವಾಹಕಿಯಾಗಿದ್ದರೆ ಹುಟ್ಟುವ ಪ್ರತಿ ಗಂಡುಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಅರ್ಧದಷ್ಟು, ಪ್ರತಿ ಹೆಣ್ಣುಮಗುವೂ ವಾಹಕಿಯಾಗುವ ಸಾಧ್ಯತೆ ಅರ್ಧದಷ್ಟು. ಆಕೆಯ ತಂಗಿ, ಅಕ್ಕಂದಿರೂ ವಾಹಕಿಯರಾಗಿರಬಹುದು. ಅವರಿಗೆ ಸಿಕೆ ಮಾಡಿಸಿ ನಾರ್ಮಲ್ ಬಂತೆಂದು ಸುಮ್ಮನಾಗಬೇಡಿ. ತುಂಬಾ ವಾಹಕಿಯರಲ್ಲಿ ಸಿಕೆ ನಾರ್ಮಲ್ ಇರುತ್ತದೆ, ಖಚಿತವಾಗಬೇಕಾದರೆ ಜೀನ್ ಪರೀಕ್ಷೆಯೇ ಬೇಕು. ಮಗುವಿನ ಜೀನ್ ದೋಷ ಯಾವುದೆಂದು ಗೊತ್ತಿದ್ದರೆ ಮುಂದಿನ ಗರ್ಭದಲ್ಲಿ ಮೊದಲ ಮೂರು ತಿಂಗಳ ಕೊನೆಗೆ ಪರೀಕ್ಷೆ ಸಾಧ್ಯ. ವಾಹಕಿಯರ ಹೃದಯಕ್ಕೂ ಕೆಲವೊಮ್ಮೆ ತೊಂದರೆಯಾಗುವುದರಿಂದ ಉಮ್ಮನಿಗೂ ಎಕೋ ಮಾಡಿಸುವುದು ಒಳ್ಳೆಯದು. ಮಗುವಿನ ಓಡಾಟದಲ್ಲಿ ಆಕೆಯ ಎದೆ ಯಾರಿಗೂ ನೆನಪಾಗುವುದಿಲ್ಲ.

ಬೇಗ ಪತ್ತೆಯಾದರೆ ಲಾಭ ಏನು, ಹೇಗೂ ವಾಸಿಯಾಗುವುದಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಪೂರ್ತಿ ವಾಸಿ ಮಾಡುವ ಮದ್ದು ಇಲ್ಲ, ನಿಜ. ಆದರೆ ಸರಿಯಾದ ಹೊತ್ತಿಗೆ ಸ್ಟಿರಾಯ್ಡ್ ಶುರುಮಾಡಿದ ಮಕ್ಕಳು ಕೆಲವು ವರ್ಷ ಹೆಚ್ಚು ನಡೆಯುತ್ತಾರೆ. ಫಿಸಿಯೋಥೆರಪಿ, ಹೃದಯಕ್ಕೆ, ಶ್ವಾಸಕ್ಕೆ ಮೊದಲೇ ಕಣ್ಣಿಟ್ಟರೆ ಆಯಸ್ಸೂ ಹೆಚ್ಚುತ್ತದೆ. ಮತ್ತೊಂದು, ಮುಂದಿನ ಮಗುವಿನ ಬಗ್ಗೆ ಕುಟುಂಬ ಕಣ್ಣು ತೆರೆದು ತೀರ್ಮಾನಿಸಬಹುದು.

ಇಲ್ಲೊಂದು ಮೋಸ ಹೋಗುವ ಜಾಗ ಇದೆ. ವರ್ಷ ಕಳೆದಂತೆ ಡುಶೆನ್ ಮಕ್ಕಳ ಸಿಕೆ ಇಳಿಯುತ್ತಾ ಬರುತ್ತದೆ. 20,000 ಇದ್ದದ್ದು 4,000 ಆಯಿತು, ಮದ್ದು ಹಿಡಿಯಿತು ಎಂದು ಸಂತೋಷಪಡುವವರನ್ನು, ಅದನ್ನೇ ತೋರಿಸಿ ಪುಡಿ, ಲೇಹ್ಯ ಮಾರುವವರನ್ನು ನೋಡುತ್ತೇವೆ. ಸೋರಲು ಉಳಿದಿರುವ ಸ್ನಾಯುವೇ ಕಡಿಮೆಯಾದ್ದರಿಂದ ನಂಬರ್ ಇಳಿದಿರುತ್ತದೆ, ಅಷ್ಟೇ.

ಜಿಮ್, ಬಿಸಿಲು, ಕಪ್ಪು ಮೂತ್ರ

ಈಗ ಯುವಕರ ವಿಷಯಕ್ಕೆ ಬರೋಣ. ಸಿಕೆ ಏರಿದ ಕೂಡಲೇ ಕಾಯಿಲೆ ಎಂದು ಹೆದರಬೇಕಿಲ್ಲ. ಅಭ್ಯಾಸ ಇಲ್ಲದವರು ಒಂದು ದಿನ ಜೋರಾಗಿ ಕಸರತ್ತು ಮಾಡಿದರೆ ಸಿಕೆ ಸಾವಿರಗಳಿಗೆ ಏರಬಹುದು. ಕೆಲವು ಗಂಟೆಗಳಲ್ಲಿ ಏರಲು ಶುರುವಾಗಿ, ಒಂದರಿಂದ ಮೂರು ದಿನದಲ್ಲಿ ತುದಿ ಮುಟ್ಟಿ, ಆಮೇಲೆ ಇಳಿಯುತ್ತದೆ. ರಕ್ತದಲ್ಲಿರುವ ಸಿಕೆ ಅರ್ಧಕ್ಕಿಳಿಯಲು ಸುಮಾರು ಒಂದೂವರೆ ದಿನ ಬೇಕು. ಗಂಡಸರಲ್ಲಿ, ಸ್ನಾಯು ದಪ್ಪ ಇರುವವರಲ್ಲಿ, ದಿನಾ ಭಾರ ಹೊರುವವರಲ್ಲಿ ಮೊದಲೇ ಸ್ವಲ್ಪ ಹೆಚ್ಚಿರುತ್ತದೆ. ಸೊಂಟಕ್ಕೆ ಹಾಕಿದ ಇಂಜೆಕ್ಷನ್, ಬಿದ್ದ ಪೆಟ್ಟು, ಅಪಸ್ಮಾರದ ಸೆಳೆತ ಇವುಗಳಿಂದಲೂ ಏರುತ್ತದೆ.

ಗಲ್ಫ್ ವೀಸಾಕ್ಕೆ ಮೆಡಿಕಲ್ ಮಾಡಿಸುವ ಹುಡುಗರು ಇದನ್ನು ಗಮನಿಸಬೇಕು. ಆ ಮೆಡಿಕಲ್‌ನಲ್ಲಿ ಲಿವರ್ ಟೆಸ್ಟ್ ಇರುತ್ತದೆ. ಹಿಂದಿನ ದಿನ ಜಿಮ್‌ನಲ್ಲಿ ಬೆವರು ಸುರಿಸಿ ಹೋದರೆ ಎಸ್‌ಜಿಒಟಿ, ಎಸ್‌ಜಿಪಿಟಿ ಏರಿ ಸುಮ್ಮನೆ ತಲೆಬಿಸಿ. ಮೂರು ದಿನ, ಆದರೆ ಒಂದು ವಾರ ಜಿಮ್‌ಗೆ ರಜೆ ಹಾಕಿ ಹೋಗುವುದು ಒಳ್ಳೆಯದು.

ಆದರೆ ಇದೇ ಸ್ನಾಯು ಹಾನಿ ಅತಿಯಾದರೆ ಜೀವಕ್ಕೆ ಕುತ್ತು. ಇದಕ್ಕೆ ‘ರಾಬ್ಡೋಮಯೋಲಿಸಿಸ್’ ಎಂದು ಹೆಸರು. ಎರಡನೇ ಮಹಾಯುದ್ಧದಲ್ಲಿ ಲಂಡನ್ ಮೇಲೆ ಬಾಂಬ್ ಬಿದ್ದಾಗ ಕಟ್ಟಡದಡಿ ಸಿಕ್ಕಿ ಬದುಕಿಬಂದ ಕೆಲವರು ಕೆಲವೇ ದಿನಗಳಲ್ಲಿ ಕಿಡ್ನಿ ನಿಂತು ತೀರಿಕೊಂಡರು. ಇದನ್ನು ಎರಿಕ್ ಬೈವಾಟರ್ಸ್ ಮತ್ತು ಡೆಸ್ಮಂಡ್ ಬೀಲ್ 1941ರಲ್ಲಿ ಬರೆದಿಟ್ಟರು. ಜಜ್ಜಿದ ಸ್ನಾಯುವಿನಿಂದ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನ್ ರಕ್ತಕ್ಕೆ ಬಂದು ಕಿಡ್ನಿಯನ್ನು ಕೆಡಿಸುತ್ತದೆ. ಸ್ನಾಯುವಿನೊಳಗಿನ ಪೊಟ್ಯಾಸಿಯಂ ಹೊರಗೆ ನುಗ್ಗಿದರೆ ಹೃದಯದ ಬಡಿತವೇ ತಪ್ಪಬಹುದು. ಇಲ್ಲಿ ಕಿಡ್ನಿಗೆ ಹಾನಿ ಮಾಡುವುದು ಸಿಕೆ ಅಲ್ಲ, ಸಿಕೆ ಬರೀ ಸಾಕ್ಷಿ. ಅದು 5,000 ದಾಟಿದರೆ ಡಾಕ್ಟರುಗಳು ಕಿಡ್ನಿಯ ಬಗ್ಗೆ ಎಚ್ಚರವಾಗುತ್ತಾರೆ.

ನಮ್ಮ ಹುಡುಗರಲ್ಲಿ ಇದು ಬರುವ ದಾರಿ ಎರಡು. ಒಂದು, ಹೊಸದಾಗಿ ಜಿಮ್ ಸೇರಿದ ವಾರದಲ್ಲೇ ‘ಇನ್ನೊಂದು ಸೆಟ್, ಇನ್ನೊಂದು ಸೆಟ್’ ಎಂದು ಟ್ರೈನರ್ ಹುರಿದುಂಬಿಸುವುದು. ಉಪವಾಸದ ತಿಂಗಳಲ್ಲಿ ನೀರಿಲ್ಲದ ಹೊತ್ತಿಗೆ ಹೀಗೆ ಮಾಡಿದರೆ ಅಪಾಯ ಇನ್ನೂ ಹೆಚ್ಚು. ಎರಡು, ಗಲ್ಫಿನ ಬೇಸಿಗೆಯಲ್ಲಿ ಹೊರಗಿನ ಕೆಲಸ. ಗುರುತು ಮೂರ್ನಾಲ್ಕು: ತಡೆಯಲಾಗದ ನೋವು, ಕೈ ಮಡಚಲೂ ನೀಡಲೂ ಆಗದಷ್ಟು ಬಾವು, ಸುಸ್ತು, ಮತ್ತು ಕಟ್ಟನ್ ಚಾಯದ ಬಣ್ಣದ ಮೂತ್ರ. ಮೂತ್ರ ಕಪ್ಪಾಯಿತೆಂದರೆ ನಾಳೆ ನೋಡುವ ಎನ್ನಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ. ಬೇಗ ಡ್ರಿಪ್ ಹಾಕಿದರೆ ಹೆಚ್ಚಿನವರ ಕಿಡ್ನಿ ಉಳಿಯುತ್ತದೆ. ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೇನ್ ನುಂಗಬೇಡಿ, ಅವು ಕಿಡ್ನಿಗೆ ಇನ್ನಷ್ಟು ಹೊರೆ.

ಕಡಲ ತೀರದಲ್ಲಿ ಇರುವವರಿಗೆ ಮೂರನೆಯ ದಾರಿಯೂ ಒಂದುಂಟು, ಕಡಲ ಹಾವು. ಬಲೆ ಬಿಡಿಸುವಾಗ ಕಚ್ಚಿದರೆ ಕಚ್ಚಿದ ಜಾಗದಲ್ಲಿ ಹೆಚ್ಚು ನೋವೇ ಇರುವುದಿಲ್ಲ. ಒಂದೆರಡು ಗಂಟೆಯಲ್ಲಿ ಮೈಯೆಲ್ಲ ಸ್ನಾಯು ನೋವು, ಬಾಯಿ ತೆರೆಯಲು ಕಷ್ಟ, ಆಮೇಲೆ ಕಪ್ಪು ಮೂತ್ರ. ಈ ವಿಷ ಸ್ನಾಯುವನ್ನೇ ಕರಗಿಸುತ್ತದೆ. ನಮ್ಮಲ್ಲಿ ಸಿಗುವ ಹಾವಿನ ವಿಷದ ಇಂಜೆಕ್ಷನ್ ಕಡಲ ಹಾವಿಗೆ ತಯಾರಿಸಿದ್ದಲ್ಲ. ಆದ್ದರಿಂದ ಡಯಾಲಿಸಿಸ್, ವೆಂಟಿಲೇಟರ್ ಇರುವ ಆಸ್ಪತ್ರೆಗೇ ನೇರ ಕರೆದೊಯ್ಯಬೇಕು.

ಮಾತ್ರೆ ಮತ್ತು ಥೈರಾಯ್ಡ್

ದೊಡ್ಡವರಲ್ಲಿ ಸಿಕೆ ಏರಲು ಸಾಮಾನ್ಯ ಕಾರಣ ಕೊಲೆಸ್ಟ್ರಾಲ್‌ನ ಸ್ಟಾಟಿನ್ ಮಾತ್ರೆಗಳು, ಅಂದರೆ ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್. ತೊಡೆ, ಭುಜ ನೋವು ಶುರುವಾದರೆ ಡಾಕ್ಟರಿಗೆ ಹೇಳಿ ಸಿಕೆ ಮಾಡಿಸಿ. ನಾರ್ಮಲ್‌ನ 10 ಪಟ್ಟು ದಾಟಿದರೆ ನಿಲ್ಲಿಸುತ್ತಾರೆ. ಅಲ್ಪಸ್ವಲ್ಪ ಏರಿ ನೋವಿಲ್ಲದಿದ್ದರೆ ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಸ್ಟೆಂಟ್ ಹಾಕಿಸಿಕೊಂಡವರು ವಾಟ್ಸ್ಆ್ಯಪ್ ಮೆಸೇಜ್ ನೋಡಿ ತಾವೇ ಮಾತ್ರೆ ಬಿಟ್ಟರೆ ಹೃದಯಕ್ಕೆ ಅಪಾಯ. ಎದೆಯ ಇನ್‌ಫೆಕ್ಷನ್‌ಗೆ ಕ್ಲಾರಿಥ್ರೋಮೈಸಿನ್ ಬರೆದುಕೊಟ್ಟರೆ ‘ನಾನು ಅಟೋರ್ವಾಸ್ಟಾಟಿನ್ ತಗೊಳ್ತೇನೆ’ ಎಂದು ಹೇಳಲು ಮರೆಯಬೇಡಿ. ಎರಡೂ ಕೂಡಿದರೆ ಸ್ನಾಯು ಹಾನಿ ಹೆಚ್ಚುತ್ತದೆ.

ಥೈರಾಯ್ಡ್ ಕಡಿಮೆಯಾದಾಗಲೂ ಸಿಕೆ ಏರುತ್ತದೆ, ಮಾತ್ರೆ ತೆಗೆದುಕೊಂಡರೆ ಇಳಿಯುತ್ತದೆ. ಹೀಗಾಗಿ ಏರಿದ ಸಿಕೆ ಕಂಡರೆ ಟಿಎಸ್‌ಎಚ್ ಕೂಡ ನೋಡಬೇಕು. ಮೆಟ್ಟಿಲು ಹತ್ತಲು, ತಲೆ ಬಾಚಲು ಕೈ ಎತ್ತಲು ಕೆಲವು ವಾರ, ತಿಂಗಳಲ್ಲೇ ಕಷ್ಟವಾಗುತ್ತಾ ಬಂದು, ಕಣ್ಣಿನ ರೆಪ್ಪೆಯ ಸುತ್ತ ನೇರಳೆ ಬಣ್ಣ, ಬೆರಳ ಗೆಣ್ಣಿನ ಮೇಲೆ ಕೆಂಪು ಗುಳ್ಳೆ ಇದ್ದರೆ ಡರ್ಮಟೋಮಯೋಸೈಟಿಸ್ ಇರಬಹುದು. ಇದು ಸ್ನಾಯುವಿನ ಉರಿಯೂತ, ಚಿಕಿತ್ಸೆಗೆ ಬಗ್ಗುವ ಕಾಯಿಲೆ.

ಸಿಕೆ ನಾರ್ಮಲ್ ಬಂದರೆ ಸ್ನಾಯು ಕಾಯಿಲೆ ಇಲ್ಲವೇ ಇಲ್ಲ ಎಂದಲ್ಲ. ವಿಟಮಿನ್ ಡಿ ತೀರಾ ಕಡಿಮೆಯಾಗಿ ಎದ್ದೇಳಲು ಆಗದ ಹೆಂಗಸರಲ್ಲಿ, ಬಹಳ ಕಾಲ ಸ್ಟಿರಾಯ್ಡ್ ತಿಂದು ತೊಡೆ ಸೊರಗಿದವರಲ್ಲಿ ಸಿಕೆ ಸಾಮಾನ್ಯವಾಗಿ ನಾರ್ಮಲ್ಲೇ. ಅವರ ಕಷ್ಟ ಸುಳ್ಳಲ್ಲ.

ಟೆಸ್ಟ್‌ಗೆ ಹೋಗುವಾಗ

ಖಾಲಿ ಹೊಟ್ಟೆ ಬೇಕಿಲ್ಲ. ಹಿಂದಿನ ಮೂರು ದಿನ ಭಾರದ ಕೆಲಸ, ಕಸರತ್ತು ಬೇಡ. ಇಂಜೆಕ್ಷನ್ ಹಾಕಿಸಿಕೊಂಡಿದ್ದರೆ, ಬಿದ್ದು ಪೆಟ್ಟಾಗಿದ್ದರೆ ಹೇಳಿ. ಒಮ್ಮೆ ಸ್ವಲ್ಪ ಏರಿದ್ದು ಕಂಡರೆ ವಿಶ್ರಾಂತಿ ತೆಗೆದುಕೊಂಡು ಅದೇ ಲ್ಯಾಬ್‌ನಲ್ಲಿ ಮತ್ತೆ ಮಾಡಿಸಿ. ಲ್ಯಾಬ್‌ನಿಂದ ಲ್ಯಾಬ್‌ಗೆ ನಾರ್ಮಲ್ ಮಿತಿ ಬೇರೆ ಇರುವುದರಿಂದ ಬರೀ ನಂಬರ್ ನೋಡದೆ, ಮಿತಿಯ ಎಷ್ಟು ಪಟ್ಟು ಎಂದು ನೋಡಿ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯವರು ಮಂಗಳೂರಿಗೆ ಹೋಗುವಾಗ ಹಳೆಯ ರಿಪೋರ್ಟ್‌ಗಳನ್ನೆಲ್ಲ ಒಂದೇ ಫೈಲಿನಲ್ಲಿ ಜೋಡಿಸಿಕೊಂಡು ಹೋಗಿ. ಎರಡು ವರ್ಷದ ಹಿಂದಿನ ಎಸ್‌ಜಿಪಿಟಿಯೇ ಡಾಕ್ಟರಿಗೆ ದೊಡ್ಡ ಸುಳಿವು ಆಗಬಹುದು. ಮಕ್ಕಳ ಸಿಕೆ ತುಂಬಾ ಹೆಚ್ಚಿದ್ದರೆ ಮುಂದಿನ ಹೆಜ್ಜೆ ಬಯಾಪ್ಸಿ ಅಲ್ಲ, ಹೆಚ್ಚಾಗಿ ರಕ್ತದ ಜೀನ್ ಪರೀಕ್ಷೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ನಾಯು ಕಾಯಿಲೆಗಳನ್ನು ನೋಡುವ ಅನುಭವಿ ತಂಡ ಇದೆ.

ಮಸ್ಕುಲರ್ ಡಿಸ್ಟ್ರೋಫಿಯು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಒಂದು. ಮಗುವಿಗೆ ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ. ಶಾಲೆಯಲ್ಲಿ ಕ್ಲಾಸನ್ನು ನೆಲಮಹಡಿಗೆ ಹಾಕಿಸಲು ಕೇಳುವಾಗಲೂ ಅದು ಕೈಯಲ್ಲಿರಲಿ.

ಕೊನೆಗೆ, ಸಿಕೆ ಹೆಚ್ಚಿದ್ದು ಕಾರಣ ಇನ್ನೂ ಗೊತ್ತಾಗದ ಮಗುವಿಗೆ ಸುನ್ನತ್, ಟಾನ್ಸಿಲ್, ಹರ್ನಿಯಾ ಏನೇ ಇರಲಿ, ಅರಿವಳಿಕೆ ಕೊಡುವ ಮೊದಲು ಆ ರಿಪೋರ್ಟನ್ನು ಅರಿವಳಿಕೆ ಡಾಕ್ಟರ್ ಕೈಗೇ ಕೊಡಿ. ಸಕ್ಸಿನೈಲ್‌ಕೋಲಿನ್ ಎಂಬ ಮದ್ದು, ಮೂಗಿನಿಂದ ಕೊಡುವ ಕೆಲವು ಅರಿವಳಿಕೆ ಗ್ಯಾಸ್‌ಗಳು ಡುಶೆನ್ ಮಕ್ಕಳ ಸ್ನಾಯುವನ್ನು ಒಮ್ಮೆಲೇ ಒಡೆದು, ಪೊಟ್ಯಾಸಿಯಂ ಏರಿಸಿ ಹೃದಯ ನಿಲ್ಲಿಸಬಲ್ಲವು. ಮೊದಲೇ ಗೊತ್ತಿದ್ದರೆ ಅವರ ಹತ್ತಿರ ಬೇರೆ ಮದ್ದು ಉಂಟು.